ಹೊಳೆಯ ಮೀನನ್ನು ಮನೆಯ ತೊಟ್ಟಿಗೆ ತಂದವರು: ಡಾ. ಮಾಸುಮಬಿ ನದಾಫ

ಪ್ರಣೀತಾ ಇನಾಮದಾರ

ಸೊಳ್ಳೆಯಿಂದ ಹರಡುವ ಜ್ವರ ಎಂದೊಡನೆ ಹೊಗೆ ಬಿಡುವ ಯಂತ್ರ ಮತ್ತು ಔಷಧಿಯ ಡಬ್ಬಿ ಮಾತ್ರ ನೆನಪಾಗುತ್ತಿದ್ದ ಕಾಲದಲ್ಲಿ, ಒಂದು ಜೀವಿಯ ಹಾವಳಿಯನ್ನು ಅದರ ಸಹಜ ವೈರಿಯಾದ ಇನ್ನೊಂದು ಜೀವಿಯಿಂದಲೇ ತಗ್ಗಿಸುವ ಜೈವಿಕ ನಿಯಂತ್ರಣದ ವಿಚಾರವನ್ನು ರೋಣ, ನರಗುಂದ ಮತ್ತು ಗಜೇಂದ್ರಗಡಗಳ ಮನೆಮನೆಯ ನೀರಿನ ತೊಟ್ಟಿಯವರೆಗೆ ಮುಟ್ಟಿಸಿದವರು ನನ್ನ ಗುರುಗಳಾದ ಡಾ. ಮಾಸುಮಬಿ ನದಾಫ ಅವರು. ಡೆಂಗಿ, ಚಿಕೂನ್‌ಗುನ್ಯಾಗಳ ಮೇಲೆ ದೊಡ್ಡ ಊರುಗಳ ದೊಡ್ಡ ಸಂಸ್ಥೆಗಳಲ್ಲಿ ಸಂಶೋಧನೆಗಳು ನಡೆದಿವೆ, ಇಂದಿಗೂ ನಡೆಯುತ್ತಿವೆ. ಆ ಸಾಲಿನಲ್ಲಿ ತಾಲೂಕು ಕೇಂದ್ರದ ಒಂದು ಕಾಲೇಜಿನ, ಕಿಟಕಿಗೆ ಗಾಜಿಲ್ಲದ ಪ್ರಾಣಿಶಾಸ್ತ್ರ ಪ್ರಯೋಗಾಲಯದಿಂದ ಹೊರಟ ಕೆಲಸವೊಂದು ತಲೆಯೆತ್ತಿ ನಿಂತಿದೆಯೆಂದರೆ, ಅದು ಅಲ್ಲಿ ಮೂರು ದಶಕಗಳಿಗೂ ಮೀರಿ ಪಾಠ ಹೇಳಿದ ಈ ಒಬ್ಬರ ಹಟದಿಂದ. ಮೇಡಂ ಅವರು ಈ ವರ್ಷ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಅವರ ಬಳಿ ಮೂರು ವರ್ಷ ಓದಿ, ಇಂದು ಗದಗಿನಲ್ಲಿ ಅದೇ ವಿಷಯವನ್ನು ಬೋಧಿಸುತ್ತಿರುವ ನನಗೆ ಈ ಅಭಿನಂದನ ಗ್ರಂಥದಲ್ಲಿ ನಾಲ್ಕು ಮಾತು ಬರೆಯುವ ಅವಕಾಶ ದೊರೆತದ್ದು ಹೆಮ್ಮೆಯ ಸಂಗತಿ.

ಮೇಡಂ ಹುಟ್ಟಿದ್ದು ಮಲಪ್ರಭೆಯ ದಂಡೆಗೆ ಹತ್ತಿರದ ಮೆಣಸಗಿಯಲ್ಲಿ. ತಂದೆ ರಮಜಾನಸಾಬರು ಅರಳೆ ಹಿಂಜಿ ಗಾದಿ ತುಂಬುವ ಕಸುಬಿನವರು. ಹತ್ತಿಯ ಸುಗ್ಗಿ ಮುಗಿದ ಮೇಲೆ ಅರಳೆ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಊರೂರು ತಿರುಗುತ್ತಿದ್ದ ಅವರು, ಮಗಳು ಓದುತ್ತೇನೆಂದಾಗ ಒಲ್ಲೆನ್ನಲಿಲ್ಲ. ಮಗ ಇನಾಯತನನ್ನು ಹೊಲಕ್ಕೆ ಹಚ್ಚಿ ಮಗಳನ್ನು ಧಾರವಾಡಕ್ಕೆ ಕಳಿಸಿದರು. ಪ್ರಾಣಿಶಾಸ್ತ್ರವನ್ನು ತಾವು ಬಯಸಿ ಆರಿಸಿಕೊಂಡದ್ದಲ್ಲ, ಗಣಿತಕ್ಕೆ ಸೀಟು ಸಿಗದ್ದರಿಂದ ಬಂದದ್ದು ಎಂದು ಮೇಡಂ ಪ್ರತಿ ವರ್ಷದ ಮೊದಲ ತರಗತಿಯಲ್ಲೇ ಹೇಳಿಬಿಡುತ್ತಿದ್ದರು. ಕಪ್ಪೆ ಕೊಯ್ಯುವುದೆಂದರೆ ಅವರಿಗೆ ಕೊನೆಯವರೆಗೂ ಆಗಲಿಲ್ಲ. ಪಠ್ಯಕ್ರಮದಲ್ಲಿ ಅದು ಇದ್ದಷ್ಟು ದಿನ ಮುಖ ಅತ್ತ ತಿರುಗಿಸಿಕೊಂಡೇ ಹೇಳಿಕೊಡುತ್ತಿದ್ದರಂತೆ. ಬದುಕಿರುವ ಜೀವಿಯನ್ನು ಬದುಕಿರುವಾಗಲೇ ನೋಡಬೇಕೆಂಬುದು ಅವರ ಆಸೆ. ಹಾಗಾಗಿ ಡಾಕ್ಟರೇಟಿಗೆ ಅವರು ಆರಿಸಿಕೊಂಡ ವಿಷಯ ಮಲಪ್ರಭೆಯ ಕಿರುಮೀನುಗಳು ಮತ್ತು ಅವುಗಳ ಆಹಾರ. ತಿನ್ನಲು ಬಾರದ, ಮಾರಲು ಬಾರದ, ಬೆರಳುದ್ದದ ಮೀನುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಕ್ಕೆ ಸಹೋದ್ಯೋಗಿಗಳು ನಕ್ಕಿದ್ದುಂಟು. ಮೇಡಂ ಕೂಡ ಅವರ ಜೊತೆ ಸೇರಿ ನಗುತ್ತಿದ್ದರು.

ಅವರ ಗುಣಗಳನ್ನು ಹೊಗಳುವಾಗ ಒಂದೆರಡು ಕುಂದುಗಳನ್ನೂ ಹೇಳದಿದ್ದರೆ ಅವರೇ ಒಪ್ಪಲಾರರು. ಫಲಕದ ಮೇಲಿನ ಅವರ ಅಕ್ಷರ ಯಾರಿಗೂ ತಿಳಿಯುತ್ತಿರಲಿಲ್ಲ. ಬಸ್ಸು ಹತ್ತಿ ಕುಳಿತರೆಂದರೆ ಮರುಗಳಿಗೆಯಲ್ಲಿ ನಿದ್ದೆ; ರೋಣದಲ್ಲಿ ಇಳಿಯಬೇಕಾದವರು ಗದಗಿನ ನಿಲ್ದಾಣದಲ್ಲಿ ಕಣ್ಣು ಬಿಟ್ಟ ಪ್ರಸಂಗಗಳನ್ನು ನಮ್ಮ ಹಿರಿಯ ವಿದ್ಯಾರ್ಥಿಗಳು ಈಗಲೂ ನೆನೆಯುತ್ತಾರೆ.

ಎರಡು ಸಾವಿರದ ಆರರಲ್ಲಿ ಚಿಕೂನ್‌ಗುನ್ಯಾ ನಮ್ಮ ಭಾಗಕ್ಕೆಲ್ಲ ಹಬ್ಬಿದಾಗ ರೋಣದ ಓಣಿಗಳಲ್ಲಿ ನೆಟ್ಟಗೆ ನಡೆಯುವವರೇ ಕಾಣದಂತಾಗಿತ್ತು. ಆಗ ನಾನು ಚಿಕ್ಕವಳು. ನಮ್ಮ ಮನೆಯಲ್ಲೂ ಎಲ್ಲರೂ ಗೋಡೆ ಹಿಡಿದು ನಡೆಯುತ್ತಿದ್ದುದು ನೆನಪಿದೆ. ಮೇಡಂ ಅವರಿಗೂ ಜ್ವರ ಬಂತು. ಜ್ವರ ಹೋಯಿತು, ಕೀಲುನೋವು ಹೋಗಲಿಲ್ಲ. ತಿಂಗಳುಗಟ್ಟಲೆ ಬೆರಳು ಮಡಚಲಾಗದೆ, ಸೀಮೆಸುಣ್ಣ ಹಿಡಿಯಲಾಗದೆ ಬರಿಯ ಬಾಯಿಮಾತಿನಲ್ಲೇ ಪಾಠ ಮಾಡಿದರು. ಹೊಳೆಯ ಮೀನು ಏನು ತಿನ್ನುತ್ತದೆಂದು ಅಷ್ಟು ವರ್ಷ ನೋಡಿದವಳು, ಅದು ಸೊಳ್ಳೆಯ ಮರಿಹುಳುಗಳನ್ನು ಎಷ್ಟು ಆಸೆಯಿಂದ ತಿನ್ನುತ್ತದೆಂಬುದನ್ನು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದೆನಲ್ಲ ಎಂದು ಆ ದಿನಗಳಲ್ಲಿ ಅವರಿಗೆ ಅನಿಸಿತಂತೆ. ಅಲ್ಲಿಂದ ಅವರ ಓದು ಆ ಕಡೆಗೆ ತಿರುಗಿತು. ಆದರೆ ಓದು ಕೆಲಸವಾಗಿ ಬೀದಿಗೆ ಇಳಿಯಲು ಇನ್ನೂ ಕೆಲವು ವರ್ಷ ಹಿಡಿಯಿತು; ಅದಕ್ಕೆ ಕಾರಣವಾದ ಘಟನೆ ನಾವು ಎರಡನೆಯ ವರ್ಷದ ಬಿ.ಎಸ್ಸಿ.ಯಲ್ಲಿದ್ದಾಗ ನಡೆಯಿತು.

ನಮ್ಮ ತರಗತಿಯಲ್ಲಿ ಐಶ್ವರ್ಯಾ ಎಂಬ ಹುಡುಗಿ ಇದ್ದಳು. ಗಜೇಂದ್ರಗಡದ ನೇಕಾರರ ಮನೆಯವಳು, ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಸೀರೆಯ ಅಂಚಿನ ನಮೂನೆಗಳನ್ನು ಹುಟ್ಟಿನಿಂದ ನೋಡಿ ಬೆಳೆದ ಕೈ ಅದು. ಪ್ರಾಣಿಶಾಸ್ತ್ರದ ಚಿತ್ರಗಳನ್ನು ಅವಳಷ್ಟು ಅಂದವಾಗಿ ನಮ್ಮಲ್ಲಿ ಯಾರೂ ಬಿಡಿಸುತ್ತಿರಲಿಲ್ಲ. ಆ ಸೆಪ್ಟೆಂಬರಿನಲ್ಲಿ ಅವಳಿಗೆ ಜ್ವರ ಬಂತು. ಅಂಗಡಿಯ ಗುಳಿಗೆಯಲ್ಲೇ ಕೆಲ ದಿನ ಕಳೆದರು. ಜ್ವರ ಇಳಿದಾಗ ಮನೆಯವರು ಗೆದ್ದೆವೆಂದುಕೊಂಡರು. ಡೆಂಗಿಯಲ್ಲಿ ಅಪಾಯ ಬರುವುದೇ ಆ ಹೊತ್ತಿನಲ್ಲಿ ಎಂಬುದು ಅವರಿಗೆ ತಿಳಿದಿರಲಿಲ್ಲ. ಮರುದಿನ ಒಸಡಿನಲ್ಲಿ ರಕ್ತ ಕಂಡಿತು, ಹುಬ್ಬಳ್ಳಿಗೆ ಒಯ್ದರು, ಅವಳು ಉಳಿಯಲಿಲ್ಲ.

ಮೇಡಂ ನಮ್ಮಲ್ಲಿ ಕೆಲವರನ್ನು ಕರೆದುಕೊಂಡು ಆ ಮನೆಗೆ ಹೋದರು. ಆ ದಿನ ಬಸ್ಸಿನಲ್ಲಿ ಅವರು ನಿದ್ದೆ ಮಾಡಲಿಲ್ಲ. ಗಜೇಂದ್ರಗಡದಲ್ಲಿ ನಳದ ನೀರು ಬಹಳ ದಿನಗಳಿಗೊಮ್ಮೆ ಬರುತ್ತಿದ್ದ ಕಾಲ ಅದು. ಹೀಗಾಗಿ ಪ್ರತಿ ಮನೆಯ ಅಂಗಳದಲ್ಲೂ ಒಂದು ಸಿಮೆಂಟಿನ ತೊಟ್ಟಿ, ನಮ್ಮ ಕಡೆಯ ಮಾತಿನಲ್ಲಿ ಹೌದ, ತುಂಬಿಕೊಂಡಿರುತ್ತಿತ್ತು. ಐಶ್ವರ್ಯಾಳ ತಾಯಿ ತಿಪ್ಪವ್ವ ಮಗ್ಗದ ಪಕ್ಕದಲ್ಲಿ ಗೋಡೆಗೊರಗಿ ಕುಳಿತಿದ್ದರು. ಕೈಕಾಲು ತೊಳೆಯಲೆಂದು ತೊಟ್ಟಿಯ ಬಳಿ ಹೋದ ಮೇಡಂ ಒಂದು ಕ್ಷಣ ಬಗ್ಗಿ ನೀರು ನೋಡಿದರು. ಪಕ್ಕದಲ್ಲಿದ್ದ ನಾನೂ ನೋಡಿದೆ. ನೀರಿನ ಮೇಲ್ಪದರದಲ್ಲಿ ತಲೆಕೆಳಗಾಗಿ ತೂಗಾಡುವ, ನೆರಳು ಬಿದ್ದೊಡನೆ ಹೊರಳುತ್ತ ಕೆಳಗಿಳಿಯುವ ಮರಿಹುಳುಗಳು. ಅವು ಏನೆಂದು ನಮಗೆ ಪಾಠವಾಗಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಡಂ ನನ್ನ ಮುಂಗೈ ಹಿಡಿದರು. ಒಳಗೆ ಬಂದು ತಿಪ್ಪವ್ವನ ಪಕ್ಕ ನೆಲದ ಮೇಲೆ ಕುಳಿತು, ಐಶ್ವರ್ಯಾಳ ಚಿತ್ರಗಳ ಬಗ್ಗೆ ಮಾತ್ರ ಮಾತಾಡಿದರು. ಹಿಂತಿರುಗುವ ದಾರಿಯಲ್ಲಿ ನಾನು ಕೇಳಿದ್ದಕ್ಕೆ, ಹೇಳಬೇಕಾದ ಮಾತಿಗೂ ಹೇಳಬೇಕಾದ ಹೊತ್ತಿಗೂ ಹೊಂದಾಣಿಕೆ ಇರಬೇಕು ಎಂದಷ್ಟೇ ಉತ್ತರಿಸಿದರು.

ಮರುದಿನ ಅವರು ಮಾಡಿದ ಕೆಲಸ ನಮ್ಮ ಕಾಲೇಜಿನಲ್ಲಿ ಬಹಳ ಮಂದಿಗೆ ಸೇರಲಿಲ್ಲ. ಕಾಲೇಜಿನ ಮಾಳಿಗೆಯ ಮೇಲಿನ ನೀರಿನ ಟಾಕಿಯ ಮುಚ್ಚಳ ತೆಗೆಸಿ, ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಟೈರುಗಳನ್ನೂ ಒಡೆದ ಕುಂಡಗಳನ್ನೂ ತಾವೇ ಹೊರಳಿಸಿ ನೋಡಿದರು. ಎಲ್ಲ ಕಡೆಯೂ ಅವೇ ಹುಳುಗಳು. ಒಂದು ಗಾಜಿನ ಜಾಡಿಯಲ್ಲಿ ಅವನ್ನು ತುಂಬಿಕೊಂಡು ಅಧ್ಯಾಪಕರ ಸಭೆಯ ಮೇಜಿನ ಮೇಲಿಟ್ಟರು. ಹೊರಗಿನವರಿಗೆ ತಿಳಿದರೆ ಕಾಲೇಜಿನ ಹೆಸರು ಕೆಡುತ್ತದೆ ಎಂದವರಿಗೆ, ಊರಿನ ತೊಟ್ಟಿಗಳ ಮಾತು ಆಡುವ ಮೊದಲು ನಮ್ಮ ಟಾಕಿಯ ಮಾತು ಆಡೋಣ ಎಂದರು. ಆ ವಾರವೇ ಟಾಕಿ ಸ್ವಚ್ಛವಾಯಿತು, ಟೈರುಗಳು ಹೋದವು. ಗುರುವೊಬ್ಬರ ಬಗ್ಗೆ ಮೊದಲ ಬಾರಿಗೆ ನನಗೆ ಹೆಮ್ಮೆ ಎಂಬುದು ಮೈಯಲ್ಲಿ ಬಿಸಿಯಾಗಿ ಹರಿದದ್ದು ಆ ದಿನ.

ಕೆಲವು ತಿಂಗಳ ಮೇಲೆ ತಿಪ್ಪವ್ವನೇ ಕಾಲೇಜಿಗೆ ಬಂದರು. ಯಾರೋ ಆರೋಗ್ಯ ಕಾರ್ಯಕರ್ತೆ ಅವರ ಓಣಿಗೆ ಬಂದು ತೊಟ್ಟಿಯ ನೀರಿನಲ್ಲಿ ಸೊಳ್ಳೆ ಹುಟ್ಟುತ್ತವೆಂದು ಹೇಳಿ ಹೋಗಿದ್ದರಂತೆ. ಅಂದಿನಿಂದ ಆ ತಾಯಿಗೆ ನಿದ್ದೆಯಿಲ್ಲ. ಪ್ರಯೋಗಾಲಯದಲ್ಲಿ ನಾವೆಲ್ಲ ಇದ್ದೆವು. ಅವರು ಸ್ಟೂಲಿನ ಮೇಲೆ ಕೂಡಲೂ ಇಲ್ಲ.

“ಅಕ್ಕಾರ, ನಮ್ಮ ಹೌದಿನಾಗಿನ ಹುಳಾನ ನನ್ನ ಮಗಳನ್ನ ಒಯ್ದವೇನ್ರಿ? ನಾನ ತುಂಬಿಟ್ಟ ನೀರು ಅದು. ಖರೇ ಹೇಳ್ರಿ.”

ಮೇಡಂ ತಾವೂ ಎದ್ದು ಅವರ ಮುಂದೆ ಬಂದು ನಿಂತರು. ಆಮೇಲೆ ಹೇಳಿದರು: “ಗೊತ್ತಿಲ್ರಿ ತಿಪ್ಪವ್ವಾರ. ಈ ಸೊಳ್ಳಿ ಹಗಲಿನ್ಯಾಗ ಕಚ್ಚತೈತಿ. ಬಸ್‌ಸ್ಟ್ಯಾಂಡಿನ್ಯಾಗ ಕಚ್ಚಿರಬಹುದು, ಈ ಕಾಲೇಜಿನ್ಯಾಗನ ಕಚ್ಚಿರಬಹುದು. ನಮ್ಮ ಟಾಕಿಯೊಳಗೂ ಹುಳಾ ಇದ್ದವು, ನಾನ ತಗದು ನೋಡೇನಿ. ನಿಮ್ಮ ಹೌದಿಂದ ಅಂತ ಯಾರರ ಹೇಳಿದ್ರ ಅದು ಸುಳ್ಳು. ಅಲ್ಲ ಅಂತ ನಾನು ಹೇಳಿದ್ರೂ ಸುಳ್ಳು. ಇನ್ನ ಮ್ಯಾಲೆ ಯಾವ ಹೌದಿನ್ಯಾಗೂ ಹುಟ್ಟದಂಗ ಮಾಡಾಕ ಬರತೈತಿ. ಅದನ್ನ ನೀವು ನಾವು ಕೂಡಿ ಮಾಡೂಣು.”

ತಿಪ್ಪವ್ವ ಆಗ ಸ್ಟೂಲಿನ ಮೇಲೆ ಕುಳಿತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತರು. ಸಮಾಧಾನಕ್ಕಾಗಿ ಸುಳ್ಳು ಹೇಳದೆ, ಸತ್ಯದ ಹೆಸರಿನಲ್ಲಿ ಇರಿಯದೆ ಒಬ್ಬರ ದುಃಖದೆದುರು ನಿಲ್ಲುವುದು ಹೇಗೆಂಬುದನ್ನು ನಾನು ಕಲಿತದ್ದು ಆ ಪ್ರಯೋಗಾಲಯದಲ್ಲಿ. ಅದು ಯಾವ ಪಠ್ಯಕ್ರಮದಲ್ಲೂ ಇರಲಿಲ್ಲ.

ಮಾಡೋಣವೆಂದದ್ದೇನೋ ಸರಿ, ಯಾವ ಮೀನಿನಿಂದ ಮಾಡುವುದು ಎಂಬಲ್ಲಿ ಮೇಡಂ ಅವರ ವೃತ್ತಿಜೀವನದ ಅತಿ ಕಠಿಣ ನಿರ್ಧಾರ ಬಂತು. ಸೊಳ್ಳೆಯ ಮರಿಹುಳು ತಿನ್ನುವ ಮೀನೆಂದರೆ ಎಲ್ಲರ ಬಾಯಲ್ಲೂ ಗ್ಯಾಂಬೂಸಿಯಾ. ಸುಮಾರು ನೂರು ವರ್ಷಗಳ ಹಿಂದೆ ಹೊರದೇಶದಿಂದ ಬಂದ ಈ ಮೀನು ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತದೆ, ಬೇಗ ಹೆಚ್ಚುತ್ತದೆ, ಎಂಥ ನೀರಿನಲ್ಲೂ ಬದುಕುತ್ತದೆ. ಆ ಹೊತ್ತಿಗೆ ದೂರದೂರಿನ ಒಂದು ದತ್ತಿ ಸಂಸ್ಥೆಯವರು ಮೇಡಂ ಅವರ ಆಸಕ್ತಿಯನ್ನು ಕೇಳಿ ತಿಳಿದು ಬಂದರು. ನಮ್ಮ ಕಾಲೇಜಿನಲ್ಲಿ ದೊಡ್ಡ ಮೀನುಮರಿ ಕೇಂದ್ರ, ಹೊಸ ಪ್ರಯೋಗಾಲಯ, ನಮ್ಮ ಭಾಗದ ಕೆರೆ, ಹೊಂಡ, ಬಾವಿ, ಹಳ್ಳಗಳಿಗೆಲ್ಲ ಗ್ಯಾಂಬೂಸಿಯಾ ಬಿಡುವ ಯೋಜನೆ. ಎಲ್ಲಕ್ಕೂ ಮೇಡಂ ಅವರೇ ಮುಖ್ಯಸ್ಥರು. ಕಾಲೇಜಿನಲ್ಲಿ ಹಬ್ಬದ ಸಡಗರ. ಕಿಟಕಿಗೆ ಗಾಜು ಬರುವುದೆಂದು ನಾವು ಕುಣಿದಾಡಿದೆವು.

ಮೇಡಂ ಕೆಲವು ವಾರಗಳ ಅವಧಿ ಕೇಳಿದರು. ಹೊಳೆಯ ಕಿರುಮೀನುಗಳನ್ನೂ ಅವುಗಳ ಮೊಟ್ಟೆಗಳನ್ನೂ ಕಪ್ಪೆಯ ಮರಿಗಳನ್ನೂ ಒಂದೊಂದು ತೊಟ್ಟಿಯಲ್ಲಿಟ್ಟು, ಕೆಲವಕ್ಕೆ ಗ್ಯಾಂಬೂಸಿಯಾ ಬಿಟ್ಟು, ಕೆಲವಕ್ಕೆ ಬಿಡದೆ, ನಮ್ಮ ಕಣ್ಣೆದುರೇ ಪರೀಕ್ಷಿಸಿ ತೋರಿಸಿದರು. ಗ್ಯಾಂಬೂಸಿಯಾ ಸೊಳ್ಳೆಯ ಹುಳು ತಿಂದದ್ದು ನಿಜ. ಅದರ ಜೊತೆಗೆ ಉಳಿದ ಮೀನುಗಳ ಮೊಟ್ಟೆ ತಿಂದಿತು, ಕಪ್ಪೆಮರಿಗಳ ಬಾಲ ಕಚ್ಚಿ ಕೊಂದಿತು, ತನಗಿಂತ ದೊಡ್ಡ ಮೀನಿನ ರೆಕ್ಕೆಯನ್ನೂ ಹರಿಯಿತು. ಸಂಸ್ಥೆಯವರು ಮತ್ತೆ ಬಂದಾಗ ಮೇಡಂ ತಮಗೆ ಕಂಡದ್ದನ್ನು ವಿವರಿಸಿ, ಮುಚ್ಚಿದ ತೊಟ್ಟಿಗಳಿಗಾದರೆ ಯೋಚಿಸಬಹುದು, ಕೆರೆ ಹಳ್ಳಗಳಿಗೆ ಇದನ್ನು ಬಿಡಲಾರೆ ಎಂದು ವಿನಯದಿಂದ ಹೇಳಿದರು. ಅವರಿಗೆ ಬೇಕಾಗಿದ್ದದ್ದು ದೊಡ್ಡ ಕೆಲಸ, ತೊಟ್ಟಿಯಲ್ಲ. ಯೋಜನೆ ನಮ್ಮ ಕೈ ಬಿಟ್ಟಿತು. ಆಡಳಿತ ಮಂಡಳಿಯವರು ಬಹಳ ದಿನ ಅವರೊಡನೆ ಸರಿಯಾಗಿ ಮಾತಾಡಲಿಲ್ಲ. ಮೇಡಂ ಬೇಸರಪಟ್ಟುಕೊಂಡದ್ದು ನಿಜ. ಆದರೆ ಹಿಂದೆ ಸರಿಯಲಿಲ್ಲ.

ಅವರು ಆರಿಸಿಕೊಂಡದ್ದು ಮಲಪ್ರಭೆಯದೇ ಒಂದು ಮೀನು. ನೆತ್ತಿಯ ಮೇಲೆ ಬೆಳ್ಳಿಯ ಚುಕ್ಕೆಯಿರುವ, ನೀರಿನ ಮೇಲ್ಪದರದಲ್ಲೇ ಓಡಾಡುವ ಆ ಮೀನಿಗೆ ನಮ್ಮ ವಿದ್ಯಾರ್ಥಿಗಳು ಇಟ್ಟ ಹೆಸರು ಚಿಕ್ಕಿಮೀನು. ನಮ್ಮ ಕಡೆ ಆಕಾಶದ ನಕ್ಷತ್ರಕ್ಕೆ ಚಿಕ್ಕಿ ಎನ್ನುತ್ತೇವೆ. ಸೊಳ್ಳೆಯ ಹುಳು ಉಸಿರಿಗಾಗಿ ಮೇಲೆ ಬರುವಲ್ಲೇ ಇದು ಕಾದಿರುತ್ತದೆ. ತೊಂದರೆಯೆಂದರೆ ಇದು ದಿನಕ್ಕೆ ಕೆಲವೇ ಮೊಟ್ಟೆಗಳನ್ನು ಜಲಸಸ್ಯಗಳಿಗೆ ಅಂಟಿಸುತ್ತದೆ. ಸಂತತಿ ಬೆಳೆಯುವುದು ನಿಧಾನ. ತಮ್ಮ ಇನಾಯತರು ಮೆಣಸಗಿಯ ಹೊಲದ ಬದಿಯಲ್ಲಿ ಅಕ್ಕನಿಗಾಗಿ ಹೊಂಡಗಳನ್ನು ತೋಡಿಕೊಟ್ಟರು. ತಿನ್ನಲಿಕ್ಕಿಲ್ಲದ ಮೀನಿಗೆ ಹೊಂಡವೇ ಎಂದು ಊರವರು ಕೇಳಿದರೆ, ಅಕ್ಕನನ್ನು ಆಪಾ ಎಂದು ಕರೆಯುವ ಅವರು, ನಮ್ಮ ಆಪಾನ ಮೀನು, ನೀವು ಕೇಳಬ್ಯಾಡ್ರಿ ಎನ್ನುತ್ತಿದ್ದರಂತೆ. ಜಲಸಸ್ಯದ ಬದಲಿಗೆ ತೆಂಗಿನ ನಾರಿನ ಸಿಂಬೆ ಕಟ್ಟಿ ನೀರಿಗೆ ಇಳಿಬಿಟ್ಟರೆ ಮೀನು ಅದಕ್ಕೂ ಮೊಟ್ಟೆ ಅಂಟಿಸುತ್ತದೆಂದು ಮೇಡಂ ಕಂಡುಕೊಂಡ ಮೇಲೆ ಕೆಲಸ ಚುರುಕಾಯಿತು.

ಮೀನು ಸಿದ್ಧವಾದರೂ ಮನೆಗಳು ಸಿದ್ಧವಿರಲಿಲ್ಲ. ಗಜೇಂದ್ರಗಡದ ಆ ಓಣಿಯಲ್ಲಿ ಬಹುತೇಕ ಎಲ್ಲರೂ ಮೀನು ಮಾಂಸ ಮುಟ್ಟದವರು. ದೇವರ ಮನೆಗೆ ಹೋಗುವ ನೀರಿನಲ್ಲಿ ಮೀನೇ, ಅದೂ ಹೊರಗಿನವರು ತಂದದ್ದೇ ಎಂದು ಹಿರಿಯರು ಮುಖ ತಿರುಗಿಸಿದರು. ಮೇಡಂ ವಾದಕ್ಕೆ ನಿಲ್ಲಲಿಲ್ಲ. ಕುಡಿಯುವ ನೀರನ್ನೂ ಪೂಜೆಯ ನೀರನ್ನೂ ಬೇರೆ ಕೊಡದಲ್ಲಿ ಮುಚ್ಚಿಡಿ ಎಂದು ಹೇಳಿ, ತಿಪ್ಪವ್ವನ ಅಂಗಳದ ಕಟ್ಟೆಯ ಮೇಲೆ ಒಂದು ಗಾಜಿನ ಜಾಡಿಯಿಟ್ಟು, ಅದೇ ತೊಟ್ಟಿಯ ಹುಳುತುಂಬಿದ ನೀರು ಹಾಕಿ, ಎರಡು ಚಿಕ್ಕಿಮೀನು ಬಿಟ್ಟು ಕುಳಿತರು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನಿಂತರು. ಚಹಾ ಕುಡಿದು ಮುಗಿಯುವಷ್ಟರಲ್ಲಿ ಜಾಡಿಯ ನೀರು ತಿಳಿಯಾಗಿತ್ತು. ಎಲ್ಲರೂ ತಿಪ್ಪವ್ವನ ಮುಖ ನೋಡಿದರು. ಅವರು ಎದ್ದು, ಜಾಡಿಯನ್ನೆತ್ತಿ, ಮೀನುಗಳನ್ನು ತಮ್ಮ ಕೈಯಾರೆ ತೊಟ್ಟಿಗೆ ಬಿಟ್ಟರು.

“ಮೀನ ತಿನ್ನಬಾರದು ಅಂತ ನಮ್ಮ ಹಿರ್ಯಾರು ಹೇಳ್ಯಾರ,” ಎಂದರು. “ಮೀನ ಸಾಕಬಾರದು ಅಂತ ಯಾರೂ ಹೇಳಿಲ್ಲ.”

ಓಣಿಯ ಉಳಿದ ಮನೆಯವರೂ ಕೊಡ ತಂದು ಮೀನು ಕೇಳಿದರು.

ಆದರೂ ಮೊದಲ ವಾರದಲ್ಲೇ ಸೋಲು. ಚಿಕ್ಕಿಮೀನಿಗೆ ಜಿಗಿಯುವ ಚಟ. ಬೆಳಿಗ್ಗೆ ನೋಡಿದರೆ ತೊಟ್ಟಿಯ ಹೊರಗೆ ಕಲ್ಲಿನ ಮೇಲೆ ಒಣಗಿ ಬಿದ್ದಿರುತ್ತಿದ್ದವು. ಸಾಕಿದ ಜೀವ ಸತ್ತಿತೆಂದು ಹೆಂಗಸರು ಮರುಗಿದರು. ಮೇಡಂ ಹಳೆಯ ತೆಳು ಸೀರೆಯನ್ನು ತೊಟ್ಟಿಯ ಬಾಯಿಗೆ ಬಿಗಿದು ಕಟ್ಟುವುದನ್ನು ತೋರಿಸಿದರು. ಮೀನು ಜಿಗಿಯುವುದು ನಿಂತಿತು; ಅದರ ಜೊತೆಗೆ ಸೊಳ್ಳೆ ಒಳಗಿಳಿದು ಮೊಟ್ಟೆಯಿಡುವುದೂ ನಿಂತಿತು. ಬರಿಯ ಸೀರೆ ಕಟ್ಟಿರೆಂದು ಆರೋಗ್ಯ ಕಾರ್ಯಕರ್ತೆಯರು ವರ್ಷಗಳಿಂದ ಹೇಳುತ್ತಲೇ ಇದ್ದರು, ಯಾರೂ ಕಟ್ಟಿರಲಿಲ್ಲ. ಮೀನಿನ ಮೇಲಿನ ಮಮತೆಗೆ ಎಲ್ಲರೂ ಕಟ್ಟಿದರು. ಅರ್ಧ ಕೆಲಸ ಮೀನಿನದು, ಅರ್ಧ ಸೀರೆಯದು ಎಂದು ಮೇಡಂ ಎಲ್ಲ ವೇದಿಕೆಗಳಲ್ಲೂ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ಮೀನು ಬದುಕಲಾರದ ಸಣ್ಣ ಪಾತ್ರೆಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ ತಿಕ್ಕಿ ತೊಳೆಯುವುದಕ್ಕೆ ಬೇರೆ ಉಪಾಯವಿಲ್ಲವೆಂಬುದನ್ನೂ ಅಷ್ಟೇ ಒತ್ತಿ ಹೇಳುತ್ತಿದ್ದರು. ಕೆಲವು ವರ್ಷಗಳಲ್ಲಿ ಗಜೇಂದ್ರಗಡದ ಓಣಿಯಿಂದ ಓಣಿಗೆ, ಅಲ್ಲಿಂದ ರೋಣಕ್ಕೆ, ನರಗುಂದದ ಮಸೀದಿಯೊಂದರ ಕೈಕಾಲು ತೊಳೆಯುವ ಹೌದಕ್ಕೆ, ಮಠದ ದಾಸೋಹದ ಟಾಕಿಗೆ ಚಿಕ್ಕಿಮೀನು ನಡೆದು ಹೋಯಿತು.

ಈ ನಡುವೆ ನಾನು ಧಾರವಾಡಕ್ಕೆ ಎಂ.ಎಸ್ಸಿ.ಗೆ ಹೋದೆ. ಅಲ್ಲಿ ನಡೆದ ಒಂದು ವಿಚಾರ ಸಂಕಿರಣದಲ್ಲಿ, ಚಿಕ್ಕಿಮೀನಿನ ಕೆಲಸದ ಬಗ್ಗೆ ಪ್ರಬಂಧ ಓದುವ ಗೌರವವನ್ನು ಮೇಡಂ ತಾವು ಇಟ್ಟುಕೊಳ್ಳದೆ ನನಗೆ ಕೊಟ್ಟರು. ವೇದಿಕೆ ಹತ್ತಿದವಳಿಗೆ ನಾಲಿಗೆ ಏಳಲಿಲ್ಲ. ಸಭೆ ಕಾಯುತ್ತಿತ್ತು. ಹಿಂದಿನ ಸಾಲಿನಿಂದ ಮೇಡಂ ಎದ್ದು ನಿಂತು, ಯಾರೋ ಪರಿಚಯವಿಲ್ಲದ ಸಭಿಕರಂತೆ, ಈ ಮೀನು ನೀರಿನ ಯಾವ ಪದರದಲ್ಲಿ ಇರುತ್ತದೆ ಎಂದು ಕೇಳಿದರು. ಅದಕ್ಕೆ ಉತ್ತರ ಹೇಳುತ್ತ ಹೇಳುತ್ತ ನನ್ನ ಪ್ರಬಂಧವೆಲ್ಲ ತಾನಾಗಿ ಬಾಯಿಗೆ ಬಂತು. ಇಂದು ನನ್ನ ವಿದ್ಯಾರ್ಥಿಗಳು ತಡವರಿಸಿದಾಗ ನಾನೂ ಅಂಥದೇ ಒಂದು ಪ್ರಶ್ನೆ ಹುಡುಕುತ್ತೇನೆ.

ಎರಡು ಸಾವಿರದ ಹತ್ತೊಂಬತ್ತರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿತು. ಕೊಣ್ಣೂರಿನ ಸೇತುವೆ ಮುಳುಗಿತು, ದಂಡೆಯ ಊರುಗಳು ನೀರಿನಲ್ಲಿ ನಿಂತವು. ಇನಾಯತರು ಹೆಂಡತಿ ಮಕ್ಕಳು ದನಕರುಗಳೊಡನೆ ಎತ್ತರದ ಜಾಗಕ್ಕೆ ಹೋಗಿ ಉಳಿದರು. ಮನೆಯ ಒಂದು ಗೋಡೆ ಬಿತ್ತು. ನೀರು ಇಳಿದ ಮೇಲೆ ಮೇಡಂ ಅವರೊಡನೆ ನಾನೂ ಮೆಣಸಗಿಗೆ ಹೋದೆ. ಹೊಂಡಗಳಿದ್ದ ಜಾಗ ಸಮತಟ್ಟಾದ ಕೆಸರಾಗಿತ್ತು. ಅಷ್ಟು ವರ್ಷಗಳ ಮೀನಿನ ಸಂತತಿಯಲ್ಲಿ ಒಂದೂ ಉಳಿದಿರಲಿಲ್ಲ. ಇನಾಯತರು ತಪ್ಪಿತಸ್ಥರಂತೆ ತಲೆ ತಗ್ಗಿಸಿ, “ಆಪಾ, ದನಾ ಬಿಚ್ಚೂದ್ರಾಗ ನಿನ್ನ ಮೀನ ಬಿಟ್ವಿ” ಎಂದರು. ಮೇಡಂ ತಮ್ಮನ ಹೆಗಲ ಮೇಲೆ ಕೈಯಿಟ್ಟರು.

“ಹೋಗ್ಲಿ ಬಿಡು. ಹೊಳಿಯವು ಹೊಳಿಗೆ ಹೋದವು.”

ಆ ಮಾತು ಕೇಳಿದಾಗಲೇ ನನಗೆ ಹೊಳೆದದ್ದು. ಅಂದು ನಾವೆಲ್ಲ ಕುಣಿದಾಡಿದ ಆ ಯೋಜನೆಯನ್ನು ಮೇಡಂ ಒಪ್ಪಿದ್ದರೆ, ಆ ಕೆಸರು ನೀರಿನೊಡನೆ ಮಲಪ್ರಭೆಯ ಉದ್ದಕ್ಕೂ ಇಳಿದುಹೋಗುತ್ತಿದ್ದದ್ದು ಆ ಹೊಳೆಯದೇ ಮೀನುಗಳ ಸಂತತಿಯನ್ನು ತಿನ್ನುವ ಹೊರಗಿನ ಮೀನು. ಅದನ್ನು ಯಾರಿಂದಲೂ ಮರಳಿ ಹಿಡಿಯಲಾಗುತ್ತಿರಲಿಲ್ಲ. ಮೇಡಂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅಂದು ಮುನಿದವರನ್ನು ಕರೆದು ತೋರಿಸಲೂ ಇಲ್ಲ.

ಆದರೆ ದುಃಖಪಡಲು ಹೊತ್ತಿರಲಿಲ್ಲ. ನೆರೆಸಂತ್ರಸ್ತರಿಗೆ ಕಟ್ಟಿದ ತಗಡಿನ ಶೆಡ್ಡುಗಳ ಸಾಲಿನಲ್ಲಿ ಮನೆಗೊಂದು ನೀರಿನ ಡ್ರಮ್ಮು, ಸಾಲಿಗೊಂದು ತೊಟ್ಟಿ, ಎಲ್ಲೆಲ್ಲೂ ನಿಂತ ನೀರು. ಕೆಲವು ವಾರಗಳಲ್ಲಿ ಜ್ವರ ಶುರುವಾಗುವುದು ಖಚಿತವೆಂದು ಮೇಡಂ ಅವರಿಗೆ ತಿಳಿದಿತ್ತು. ಮೀನಿನ ಅಗತ್ಯ ಎಂದಿಗಿಂತ ಹೆಚ್ಚಾಗಿದ್ದಾಗ ಅವರ ಕೈ ಬರಿದಾಗಿತ್ತು. ಹೊಳೆಯಲ್ಲಿ ಬಲೆ ಹಾಕೋಣವೆಂದರೆ ನೀರಿನ ಸೆಳವು ಇನ್ನೂ ಇಳಿದಿರಲಿಲ್ಲ. ಶೆಡ್ಡುಗಳಲ್ಲಿ ಒಂದೊಂದೇ ಡ್ರಮ್ಮು ಬರಿದು ಮಾಡಿಸುತ್ತ, ಬಟ್ಟೆ ಕಟ್ಟಿಸುತ್ತ ನಾವು ಓಡಾಡುತ್ತಿದ್ದೆವು. ಮೀನು ಹೋದ ಸುದ್ದಿ ಗಜೇಂದ್ರಗಡಕ್ಕೆ ಹೇಗೆ ಮುಟ್ಟಿತೋ ನನಗೆ ತಿಳಿಯದು.

ಒಂದು ಬೆಳಿಗ್ಗೆ ಶೆಡ್ಡುಗಳ ಮುಂದೆ ಸಾಮಾನು ಸಾಗಿಸುವ ಟೆಂಪೊ ಒಂದು ಬಂದು ನಿಂತಿತು. ಅದರ ಹಿಂಭಾಗದಲ್ಲಿ ಹೆಂಗಸರು ಒತ್ತಾಗಿ ಕುಳಿತಿದ್ದರು. ಪ್ರತಿಯೊಬ್ಬರ ತೊಡೆಯ ಮೇಲೂ ಬಾಯಿಗೆ ಬಟ್ಟೆ ಬಿಗಿದ ಒಂದು ಕೊಡ. ಮೊದಲು ಇಳಿದವರು ತಿಪ್ಪವ್ವ. ರಸ್ತೆ ಕೆಟ್ಟದ್ದಕ್ಕೆ ನೀರು ತುಳುಕಿ ಎಲ್ಲರ ಸೀರೆಯೂ ತೊಯ್ದಿತ್ತು. ಕೊಡಗಳೊಳಗೆ ಚಿಕ್ಕಿಮೀನು. ಓಣಿಯ ಪ್ರತಿ ಮನೆಯವರೂ ತಮ್ಮ ತೊಟ್ಟಿಯಲ್ಲಿ ಬೆಳೆದ ಸಂತತಿಯಿಂದ, ತಮಗೆ ಬೇಕಾದಷ್ಟು ಉಳಿಸಿಕೊಂಡು, ಮಿಕ್ಕದ್ದನ್ನು ಹಿಡಿದು ತಂದಿದ್ದರು.

ತಿಪ್ಪವ್ವ ಕೊಡವನ್ನು ಮೇಡಂ ಅವರ ಕೈಗಿಟ್ಟು, “ಅಕ್ಕಾರ, ಇವು ನಿಮ್ಮ ಮೀನ ಅಲ್ರಿ. ನಮ್ಮ ಮನ್ಯಾಗ ಹುಟ್ಟಿದವು” ಎಂದರು. ಕೊಡದ ಬಾಯಿಯ ಬಟ್ಟೆ ಸರಿಪಡಿಸುತ್ತ, “ಆದ್ರೂ ತಗೋರಿ” ಎಂದು ಸೇರಿಸಿದರು.

ಮೇಡಂ ಆ ಕೊಡವನ್ನು ಎದೆಗವಚಿಕೊಂಡು ನಿಂತರು. ಆಮೇಲೆ ನಮ್ಮ ಕಡೆ ತಿರುಗಿ, ನಿಂತು ನೋಡುವುದೇನು, ಕೊಡಗಳನ್ನು ಬಿಸಿಲಿನಿಂದ ಎತ್ತಿರಿ ಎಂದು ಗದರಿಸಿದರು. ಅವರ ಕಣ್ಣು ತುಂಬಿದ್ದನ್ನು ಕಂಡೂ ಕಾಣದವರಂತೆ ನಾವು ಕೊಡಗಳಿಗೆ ಓಡಿದೆವು. ಆ ದಿನವೆಲ್ಲ ಗಜೇಂದ್ರಗಡದ ಹೆಂಗಸರೇ ಶೆಡ್ಡಿನ ಹೆಂಗಸರಿಗೆ ತೊಟ್ಟಿಯ ಬಾಯಿಗೆ ಸೀರೆ ಬಿಗಿಯುವುದನ್ನೂ ನಾರಿನ ಸಿಂಬೆ ಇಳಿಬಿಡುವುದನ್ನೂ ಹೇಳಿಕೊಟ್ಟರು. ಮೇಡಂ ಸುಮ್ಮನೆ ಅವರ ಹಿಂದೆ ಹಿಂದೆ ನಡೆದರು. ಅಧ್ಯಾಪಕರೊಬ್ಬರಿಗೆ ಇದಕ್ಕಿಂತ ದೊಡ್ಡ ಪದವಿ ಇದೆಯೆಂದು ನಾನು ನಂಬಲಾರೆ.

ಆ ವರ್ಷ ಶೆಡ್ಡುಗಳಲ್ಲಿ ಕೆಲವರಿಗೆ ಜ್ವರ ಬಂತು. ಡೆಂಗಿಯಿಂದ ಒಂದು ಜೀವವೂ ಹೋಗಲಿಲ್ಲ. ಇದನ್ನು ಮೀನಿನ ಗೆಲುವೆಂದು ಪತ್ರಿಕೆಯೊಂದು ಬರೆದಾಗ ಮೇಡಂ ಅದನ್ನು ಒಪ್ಪಲಿಲ್ಲ. ಮೀನಿಲ್ಲದ ಇನ್ನೊಂದು ಶೆಡ್ಡುಸಾಲಿನೊಡನೆ ಹೋಲಿಸಿ ನೋಡದೆ ಹಾಗೆ ಹೇಳಲು ಬಾರದು, ಹೋಲಿಕೆಗಾಗಿ ಒಂದು ಸಾಲನ್ನು ಮೀನಿಲ್ಲದೆ ಬಿಡಲು ತಮಗೆ ಮನಸ್ಸಾಗಲಿಲ್ಲ ಎಂದರು. ವಿಜ್ಞಾನಿಯೂ ಮನುಷ್ಯರೂ ಆಗಿದ್ದವರ ಉತ್ತರ ಅದು. ಮುಂದೆ ಮನೆಗಳ ತೊಟ್ಟಿಗಳಲ್ಲಿ ವರ್ಷಾನುಗಟ್ಟಲೆ ನೋಡಿ, ಮೀನು ಮತ್ತು ಬಟ್ಟೆ ಎರಡೂ ಇರುವ ತೊಟ್ಟಿಗಳಲ್ಲಿ ಮರಿಹುಳು ಬಲು ವಿರಳವೆಂಬುದನ್ನು ಅವರು ಕ್ರಮಬದ್ಧವಾಗಿ ತೋರಿಸಿಕೊಟ್ಟ ಮೇಲೆಯೇ ಆ ವಿಷಯವನ್ನು ಹೆಮ್ಮೆಯಿಂದ ಹೇಳಲು ನಮಗೆ ಅನುಮತಿ ಸಿಕ್ಕಿತು.

ಕಳೆದ ತಿಂಗಳು ರೋಣದ ಅವರ ಮನೆಗೆ ಹೋಗಿದ್ದೆ. ನಿವೃತ್ತಿಯ ನಂತರ ವಿಶ್ರಾಂತಿಯೇ ಎಂದು ಕೇಳಬೇಕೆಂದಿದ್ದವಳನ್ನು ಅವರು ಚಹಾಕ್ಕೂ ಮೊದಲು ಮಾಳಿಗೆಯ ಮೇಲೆ ಕರೆದೊಯ್ದರು. ಅಲ್ಲಿ ಸಾಲಾಗಿ ಇಟ್ಟಿದ್ದು ಹಳೆಯ ಟೈರುಗಳು, ಹೂವಿನ ಕುಂಡಗಳ ತಟ್ಟೆಗಳು, ತೆಂಗಿನ ಚಿಪ್ಪುಗಳು. ಮೀನು ಬದುಕಲಾರದ, ವಾರಕ್ಕೊಮ್ಮೆ ತೊಳೆಯಿರೆಂದರೂ ಜನ ಮರೆಯುವ ಜಾಗಗಳು. ಸೂಕ್ಷ್ಮದರ್ಶಕದ ಮುಂದೆ ನನ್ನನ್ನು ಕೂರಿಸಿದರು. ಬಾವಿಯ ನೀರಿನಲ್ಲಿ ಸಹಜವಾಗಿಯೇ ಇರುವ, ಎಳ್ಳಿಗಿಂತ ಸಣ್ಣದಾದ, ಸಿಗಡಿಯ ಜಾತಿಯ ಒಂದು ಜೀವಿ ಅಲ್ಲಿ ಈಜಾಡುತ್ತಿತ್ತು. ಆಗತಾನೇ ಮೊಟ್ಟೆಯೊಡೆದ ಸೊಳ್ಳೆಯ ಮರಿ ಹತ್ತಿರ ಬಂದೊಡನೆ ಅದನ್ನು ಅಪ್ಪಿ ಹಿಡಿದು ಕಡಿಯಿತು. ಬೇರೆ ದೇಶಗಳಲ್ಲಿ ಇದರಿಂದ ಒಳ್ಳೆಯ ಫಲ ಕಂಡಿದ್ದಾರೆ. ನಮ್ಮ ಬಾವಿಗಳಲ್ಲಿರುವ ಜಾತಿಗಳಲ್ಲಿ ಯಾವುದು ಈ ಬಿಸಿಲಿಗೆ ತಾಳುತ್ತದೆ, ಕುಡಿಯುವ ನೀರಿನಿಂದ ಅದನ್ನು ಹೇಗೆ ದೂರವಿಡಬೇಕು ಎಂಬುದನ್ನೆಲ್ಲ ಮೊದಲಿನಿಂದ ನೋಡಬೇಕು ಎಂದು ಅವರು ವಿವರಿಸುತ್ತಿದ್ದರೆ, ಸಂದರ್ಶನಕ್ಕೆ ಹೊರಟ ಹೊಸ ಅಧ್ಯಾಪಕಿಯ ಉತ್ಸಾಹ ಆ ದನಿಯಲ್ಲಿತ್ತು. ಕೀಲುನೋವಿನ ಬೆರಳುಗಳು ಸೂಕ್ಷ್ಮದರ್ಶಕದ ತಿರುಪನ್ನು ಮೆಲ್ಲಗೆ ಹೊಂದಿಸುತ್ತಿದ್ದವು. ಎಷ್ಟು ದಿನದ ಕೆಲಸ ಮೇಡಂ ಎಂದು ಕೇಳಿದೆ.

“ಹತ್ತ ವರ್ಷರ ಬೇಕವಾ,” ಎಂದರು, ಕಣ್ಣು ತೆಗೆಯದೆ. “ಇನ್ನ ಕಾಲೇಜಿನ ಕಾಟ ಇಲ್ಲ. ಆಗತೈತಿ.”

ಆಗಲಿ ಮೇಡಂ. ನೀವು ಕೇಳಿದ ಆ ಹತ್ತು ವರ್ಷಗಳು ನಿಮಗೆ ಆರೋಗ್ಯದಿಂದ, ನೋವಿಲ್ಲದ ಬೆರಳುಗಳಿಂದ ದೊರೆಯಲಿ. ಆ ಕೆಲಸ ಮುಗಿಯುವ ಹೊತ್ತಿಗೆ ನಿಮ್ಮ ಕಣ್ಣಿಗೆ ಇನ್ನೊಂದು ಕಿರುಜೀವಿ ಬೀಳುವುದೆಂದು ನಿಮ್ಮನ್ನು ಬಲ್ಲ ನಮಗೆಲ್ಲ ಗೊತ್ತು; ಅದಕ್ಕೆ ಬೇಕಾಗುವ ವರ್ಷಗಳೂ ನಿಮ್ಮವಾಗಲಿ. ನಿಮ್ಮ ವಿದ್ಯಾರ್ಥಿಗಳಾದ ನಾವು ಬಾವಿಯ ನೀರು ಹೊತ್ತು ಮಾಳಿಗೆ ಹತ್ತಲು ಸಿದ್ಧರಿದ್ದೇವೆ.